ಸುಳ್ಳು ಹೇಳುತ್ತಿದ್ದ ನೀಲಿ ತಂತಿ

ಮಾವ ಫೋನ್ ಮಾಡಿದಾಗ ಬೆಳಿಗ್ಗೆ ಆರೂವರೆ. ‘ಅಳಿಯಾ, ಗಾಡಿ ಮತ್ತ ನಿಂತದ ನೋಡು. ನಿಮ್ಮತ್ತಿ ಒಳಗ ಕುಂತಾಳ. ಎಂಟಕ್ಕ ಅಲ್ಲಿ ಇರ್ಬೇಕಾಗೇದ’ ಅಂದರು. ಅವರಿದ್ದದ್ದು ಶಹಾಬಾದ್–ಕಲಬುರಗಿ ರಸ್ತೆಯಲ್ಲಿ, ನಾನಿದ್ದದ್ದು ಸೇಡಂನಲ್ಲಿ. ಅತ್ತೆಗೆ ವಾರಕ್ಕೆ ಎರಡು ಸಲ ಕಲಬುರಗಿಯಲ್ಲಿ ಡಯಾಲಿಸಿಸ್ ಆಗಬೇಕು. ಪರಸಿ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ಮಾವ, ಇದೊಂದೇ ಕಾರಣಕ್ಕೆ ಸಾಲ ಮಾಡಿ ಹೈದರಾಬಾದ್‌ನಿಂದ ಹಳೆಯ ಪೆಟ್ರೋಲ್ ಕಾರು ತಂದಿದ್ದರು. 2014ರ ಮಾಡೆಲ್ಲು. ಅವತ್ತು ಅತ್ತೆ ಯಾರದೋ ಟಂಟಂ ಹತ್ತಿ ಆಸ್ಪತ್ರೆ ಮುಟ್ಟಿದರು. ಎಂಜಿನ್ ತಣ್ಣಗಾದ ಮೇಲೆ ಕಾರು ತಾನಾಗಿಯೇ ಶುರುವಾಯಿತು.

ಮರುದಿನ ಮಾವ ಅದನ್ನು ನಾನು ಕೆಲಸ ಮಾಡುವ ಗ್ಯಾರೇಜಿಗೆ ತಂದರು. ವಾಡಿಯಲ್ಲಿ ಒಮ್ಮೆ, ಚಿತ್ತಾಪುರ ದಾಟಿದ ಮೇಲೆ ಒಮ್ಮೆ ನಿಂತಿತ್ತಂತೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ನಮ್ಮ ಕಡೆ ಡಿಪ್ಲೊಮಾ ಮುಗಿಸಿದವರ ಕಣ್ಣೆಲ್ಲ ಸಿಮೆಂಟಿನ ಚಿಮಣಿಗಳ ಮೇಲೆಯೇ: ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ. ಅರ್ಜಿ ಹಾಕುವುದು, ಕಾಯುವುದು. ಕಾಯುವ ಹೊತ್ತಿಗೆ ಕೈ ಖಾಲಿ ಇರಬಾರದೆಂದು ಗ್ಯಾರೇಜ್ ಸೇರಿದ್ದೆ. ಉಸ್ತಾದರು ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವರು. ಆದರೆ ತಂತಿ, ಸೆನ್ಸರ್ ಅಂದರೆ ‘ಏ ತಮ್ಮಾ, ಇದು ನಿಂದು’ ಅಂತ ನನ್ನ ಕಡೆ ತಳ್ಳುತ್ತಿದ್ದರು. ಪುಸ್ತಕದಲ್ಲಿ ಓದಿದ್ದೇನೆಂಬ ಧೈರ್ಯದಲ್ಲಿ ನಾನೂ ತೆಗೆದುಕೊಳ್ಳುತ್ತಿದ್ದೆ.

ಕಾರಿನ ಲಕ್ಷಣಗಳೇ ಅರ್ಧ ಕಥೆ ಹೇಳುತ್ತಿದ್ದವು. ಸೈಲೆನ್ಸರ್ ಬಾಯಿಗೆ ಕಾಡಿಗೆಯಂಥ ಮಸಿ. ಪೆಟ್ರೋಲಿನ ಘಾಟು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ನಾಲ್ಕೂ ಕಪ್ಪು. ಅಂದರೆ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ. ಇಷ್ಟೆಲ್ಲ ಆದರೂ ಮೀಟರಿನಲ್ಲಿ ‘ಚೆಕ್ ಎಂಜಿನ್’ ದೀಪ ಉರಿದಿರಲಿಲ್ಲ. ಚಾವಿ ತಿರುಗಿಸಿದಾಗ ಎಲ್ಲ ದೀಪಗಳೂ ಒಂದು ಕ್ಷಣ ಬೆಳಗಬೇಕು, ಇದೊಂದು ಬೆಳಗಲಿಲ್ಲ. ಮೀಟರ್ ಬಿಚ್ಚಿ ನೋಡಿದೆ. ಆ ದೀಪದ ಮೇಲೆ ಕರಿ ಟೇಪು ಅಂಟಿಸಿದ್ದರು.

ಮಾರುವವರು ಟೇಪು ಅಂಟಿಸಿ ಮಾರಿದ್ದರು. ಮುಂದಿನದನ್ನು ಹೇಳುವ ಮೊದಲು, ಆಕ್ಸಿಜನ್ ಸೆನ್ಸರ್ ಎಂದರೇನೆಂದು ಎರಡು ಮಾತು ಹೇಳಬೇಕು. ಡಿಪ್ಲೊಮಾದಲ್ಲಿ ನಮಗೆ ಇದನ್ನು ಅರ್ಧ ಪುಟದಲ್ಲಿ ಮುಗಿಸಿದ್ದರು.

1 ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಈ ಅಳತೆ ತಪ್ಪಿತೇ ಎಂದು ತಿಳಿಯಲು ಎಂಜಿನ್‌ನಿಂದ ಹೊರಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡುವುದೇ ದಾರಿ. ಸೈಲೆನ್ಸರ್ ಪೈಪಿಗೆ ಸಿಕ್ಕಿಸಿದ ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿ ಇರುತ್ತದೆ. ಅದರ ಹೊರಗಿನ ಮೈಗೆ ಹೊಗೆ ತಾಗುತ್ತದೆ, ಒಳಗಿನ ಮೈಗೆ ಹೊರಗಿನ ಶುದ್ಧ ಗಾಳಿ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ, ಕಾದ ಪಿಂಗಾಣಿ ಸಣ್ಣ ಬ್ಯಾಟರಿಯಂತೆ ಕರೆಂಟ್ ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟ್. ನಡುವಿನ ಗೆರೆ 0.45. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಇದನ್ನು ನೋಡಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಜರ್ಮನಿಯ ಬಾಷ್ ಕಂಪನಿ ತಯಾರಿಸಿದ ಈ ಸೆನ್ಸರ್ 1976ರಲ್ಲಿ ಮೊದಲ ಬಾರಿಗೆ ವೋಲ್ವೊ ಕಾರುಗಳಲ್ಲಿ ಬಂತು. ಸೀಸ ಬೆರೆತ ಪೆಟ್ರೋಲ್ ಇದಕ್ಕೆ ವಿಷ. 2000ದ ಹೊತ್ತಿಗೆ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆಯೇ ಇಲ್ಲಿ ಇದಕ್ಕೆ ನೆಲೆ ಸಿಕ್ಕಿದ್ದು.

ಮಾವನ ಕಾರಿಗೆ ಇಂಥ ಎರಡು ಸೆನ್ಸರ್. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲೊಂದು, ಅದರ ನಂತರ ಒಂದು. ಮೊದಲಿನದು ಪೆಟ್ರೋಲ್ ಅಳತೆಗೆ, ಎರಡನೆಯದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾಯಲು. ಇಲ್ಲೊಂದು ತಮಾಷೆ ಇದೆ. ಹೈದರಾಬಾದ್‌ಗೂ ಸೊಲ್ಲಾಪುರಕ್ಕೂ ಬಿಎಸ್-4 ನಿಯಮ 2010ರಲ್ಲೇ ಬಂತು. ನಡುವೆ ಇರುವ ನಮ್ಮ ಜಿಲ್ಲೆಗೆ ಅದು ಬಂದದ್ದು ಎಷ್ಟೋ ವರ್ಷಗಳ ನಂತರ. ಇಡೀ ದೇಶಕ್ಕೆ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಆ ಕಡೆಯಿಂದ ಬರುವ ಹಳೆ ಕಾರುಗಳ ಸೆನ್ಸರ್ ಲೆಕ್ಕ ನಮ್ಮ ಹಳೆಯ ಮಿಸ್ತ್ರಿಗಳಿಗೆ ಅಷ್ಟಾಗಿ ರೂಢಿಯಿಲ್ಲ.

ನಾನು ಅಗ್ಗದ ಬ್ಲೂಟೂತ್ ಒಬಿಡಿ ಡಬ್ಬಿಯನ್ನು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ನೋಡಿದೆ. ಮೊದಲ ಸೆನ್ಸರ್ 0.1ರಿಂದ 0.9ಕ್ಕೆ, ಮತ್ತೆ 0.1ಕ್ಕೆ ಚೆಂದಾಗಿ ಏರಿಳಿಯುತ್ತಿತ್ತು. ‘ಸೆನ್ಸರ್ ಛಲೋ ಅದ ಉಸ್ತಾದ್’ ಅಂದುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನನಗೇ ಅನುಮಾನ ಬಂತು. ಎಂಜಿನ್ ಶುರು ಮಾಡಿ ಐದು ಸೆಕೆಂಡೂ ಆಗಿರಲಿಲ್ಲ. ಜಿರ್ಕೋನಿಯಾ 300 ಡಿಗ್ರಿ ಸೆಲ್ಸಿಯಸ್ ದಾಟದೆ ಮಾತಾಡುವುದಿಲ್ಲ. ಇದು ತಣ್ಣಗಿದ್ದಾಗಲೇ ಕುಣಿಯುತ್ತಿದೆಯಲ್ಲ? ವ್ಯಾಕ್ಯೂಮ್ ಪೈಪೊಂದನ್ನು ಕಿತ್ತೆ. ಎಂಜಿನ್ನಿಗೆ ಹೆಚ್ಚಿನ ಗಾಳಿ ನುಗ್ಗಿ ಗಡಗಡ ಅಂದಿತು. ನಿಜವಾದ ಸೆನ್ಸರ್ ಆಗಿದ್ದರೆ ಕೂಡಲೇ 0.1ರ ಹತ್ತಿರ ಬೀಳಬೇಕು. ಇದು ಏನೂ ಆಗದಂತೆ ಅದೇ ತಾಳದಲ್ಲಿ ಏರಿಳಿಯುತ್ತಿತ್ತು.

ತಂತಿ ಹಿಡಿದು ಹೊರಟೆ. ಸೆನ್ಸರ್‌ನಿಂದ ಬರುವ ನಾಲ್ಕು ತಂತಿಗಳಲ್ಲಿ ನೀಲಿಯದನ್ನು ಪ್ಲಗ್ಗಿಗೆ ಗೇಣುದ್ದ ಮೊದಲೇ ಕತ್ತರಿಸಿದ್ದರು. ಅಲ್ಲಿಂದ ಎರಡು ಸಣ್ಣ ತಂತಿ ಡ್ಯಾಶ್‌ಬೋರ್ಡಿನೊಳಗೆ ಹೋಗಿದ್ದವು. ಗ್ಲವ್ ಬಾಕ್ಸ್ ತೆಗೆದರೆ ಹಿಂದೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ. ಪಿಗ್ಗಿಬ್ಯಾಕ್ ಇಸಿಯು. ಕಂಪನಿಯ ಕಂಪ್ಯೂಟರಿನ ಹೆಗಲ ಮೇಲೆ ಕುಳಿತು ಅದರ ಲೆಕ್ಕ ತಿದ್ದುವ ಯಂತ್ರ. ಹಿಂದಿನ ಒಡೆಯ ಯಾರೋ ವೇಗದ ಹುಚ್ಚಿಗೆ ಹಾಕಿಸಿದ್ದ. ಡಬ್ಬಿ ಹೆಚ್ಚು ಪೆಟ್ರೋಲ್ ಸುರಿಸುತ್ತಿತ್ತು. ಸೆನ್ಸರ್ ಅದನ್ನು ಕಂಡು ದೂರು ಹೇಳಿದರೆ ಇಸಿಯು ಪೆಟ್ರೋಲ್ ಇಳಿಸುತ್ತದಲ್ಲ? ಅದಕ್ಕೇ ಸೆನ್ಸರಿನ ಬಾಯಿ ಮುಚ್ಚಿ, ‘ಎಲ್ಲ ಸರಿ ಇದೆ’ ಎಂಬ ಸುಳ್ಳು ಏರಿಳಿತವನ್ನು ಡಬ್ಬಿಯೇ ಇಸಿಯುಗೆ ಕಳಿಸುತ್ತಿತ್ತು. ಎರಡನೇ ಸೆನ್ಸರಿನ ತಂತಿಗೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಬೆಸೆದಿದ್ದರು. ಇಷ್ಟಾದ ಮೇಲೂ ಬೇರೆ ಏನಾದರೂ ದೂರು ಬಂದರೆ ಇರಲಿ ಎಂದು ಟೇಪು.

ಆಗ ನೆನಪಾಯಿತು. ಜನವರಿಯಲ್ಲಿ ಚಿಂಚೋಳಿ ಕಡೆ ಮದುವೆಗೆ ಹೋಗಿದ್ದಾಗ ರೈತರು ರಾಶಿಗೆಂದು ತೊಗರಿ ಕಟಿಗಿಯನ್ನು ರಸ್ತೆ ಮೇಲೆ ಹರವಿದ್ದರು. ಅದರ ಮೇಲೆ ಹಾದು ಹೋದ ಸ್ವಲ್ಪ ಹೊತ್ತಿಗೆ ಕಾರಿನ ಕೆಳಗಿಂದ ಹೊಗೆ ಎದ್ದಿತ್ತು. ಮಾವ ಬಾಟಲಿ ನೀರು ಸುರಿದು, ಸಿಕ್ಕಿಕೊಂಡಿದ್ದ ಕಟಿಗಿ ಎಳೆದು ಹಾಕಿದ್ದರು. ‘ಬ್ಯಾಸಿಗಿ ಹತ್ರ ಬಂತಲ್ಲ’ ಅಂತ ನಕ್ಕಿದ್ದೆವು. ನಗುವಂಥದ್ದಲ್ಲ ಅದು. ಪ್ಲಗ್ಗುಗಳಿಗೆ ಮಸಿ ಕಟ್ಟಿ ಕಿಡಿ ತಪ್ಪಿದಾಗ, ಉರಿಯದ ಪೆಟ್ರೋಲೂ ಗಾಳಿಯೂ ಒಟ್ಟಿಗೆ ಕನ್ವರ್ಟರಿಗೆ ಹೋಗಿ ಅಲ್ಲೇ ಹೊತ್ತಿಕೊಳ್ಳುತ್ತವೆ. ಅದು ಕೆಂಡವಾಗುತ್ತದೆ. ಕೆಳಗೆ ಒಣ ತೊಗರಿ ಕಟಿಗಿ, ಒಳಗೆ ಅತ್ತೆ.

ಇಲ್ಲಿಗೆ ನನ್ನ ಜಾಣತನದ ಕಥೆ ಮುಗಿಯಿತು. ಮುಂದೆ ದಡ್ಡತನದ್ದು.

ಡಬ್ಬಿ ತೆಗೆದೆ. ಮೊದಲ ಸೆನ್ಸರ್ ಅಳೆದರೆ ಅದರ ಹೀಟರ್ ಸತ್ತಿತ್ತು. ಹೊಸದು ಬೇಕು. ಆ ಕಾರಿಗೆಂದೇ ಬರುವ ಪ್ಲಗ್ ಸಮೇತದ ಸೆನ್ಸರ್ ದುಬಾರಿ. ಅದರ ಅರ್ಧ ಬೆಲೆಗೆ ‘ಯೂನಿವರ್ಸಲ್’ ಸಿಗುತ್ತದೆ. ಪ್ಲಗ್ ಇರುವುದಿಲ್ಲ, ಹಳೆಯ ಪ್ಲಗ್ ಕತ್ತರಿಸಿ ಜೋಡಿಸಿಕೊಳ್ಳಬೇಕು. ಮಾವನ ಹಣ ಉಳಿಸೋಣ ಎಂದು ರೈಲು ಹತ್ತಿ ಹೈದರಾಬಾದ್‌ಗೆ ಹೋಗಿ ಅದನ್ನೇ ತಂದೆ. ಹಳೆಯದರ ತಂತಿಗಳು: ಎರಡು ಕಪ್ಪು, ಒಂದು ನೀಲಿ, ಒಂದು ಬಿಳಿ. ಹೊಸದರವು: ಎರಡು ಬಿಳಿ, ಒಂದು ಕಪ್ಪು, ಒಂದು ಬೂದು. ನಾನು ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ ಸೇರಿಸಿದೆ. ಉಳಿದ ಎರಡಕ್ಕೆ ಉಳಿದ ಎರಡು, ಅಂದಾಜಿನ ಮೇಲೆ.

ಚಾವಿ ತಿರುಗಿಸಿದೆ. ಟೇಪು ಕಿತ್ತಿದ್ದ ದೀಪ ಹೊತ್ತಿ ಹಾಗೇ ನಿಂತಿತು. ಮೊಬೈಲಿನಲ್ಲಿ ಪಿ0135, ಪಿ0130. ಮೊದಲನೆಯದು ಹೀಟರ್ ಸರ್ಕ್ಯೂಟಿನ ದೂರು, ಎರಡನೆಯದು ಸೆನ್ಸರ್ ಸರ್ಕ್ಯೂಟಿನದು.

ಆದದ್ದಿಷ್ಟು. ಹಳೆಯದು ಡೆನ್ಸೊ ಬಣ್ಣದ ಪದ್ಧತಿ: ಎರಡು ಕಪ್ಪು ಹೀಟರಿಗೆ, ನೀಲಿ ಸಿಗ್ನಲ್, ಬಿಳಿ ಸಿಗ್ನಲಿನ ಅರ್ಥಿಂಗ್. ಹೊಸದು ಬಾಷ್ ಪದ್ಧತಿ: ಎರಡು ಬಿಳಿ ಹೀಟರಿಗೆ, ಕಪ್ಪು ಸಿಗ್ನಲ್, ಬೂದು ಅರ್ಥಿಂಗ್. ಒಂದರಲ್ಲಿ ಹೀಟರ್ ಆಗಿರುವ ಕಪ್ಪು ಇನ್ನೊಂದರಲ್ಲಿ ಸಿಗ್ನಲ್. 1 ವೋಲ್ಟ್ ಕೂಡ ಹುಟ್ಟಿಸದ ಪಿಂಗಾಣಿಗೆ ನಾನು ಬ್ಯಾಟರಿಯ 12 ವೋಲ್ಟ್ ಕೊಟ್ಟಿದ್ದೆ. ಸೆನ್ಸರ್ ಅಲ್ಲೇ ಸತ್ತಿತು. ಇಸಿಯು ಸುಡದೆ ಉಳಿದದ್ದು ಅತ್ತೆಯ ಪುಣ್ಯ. ಮಲ್ಟಿಮೀಟರ್ ಜೇಬಿನಲ್ಲೇ ಇತ್ತು. ಯಾವ ಎರಡು ತಂತಿಗಳ ನಡುವೆ ಕೆಲವೇ ಓಮ್ ತೋರಿಸುತ್ತದೋ ಅವೇ ಹೀಟರ್. ಕಾರಿನ ಕಡೆಯ ಪ್ಲಗ್ಗಿನಲ್ಲಿ ಚಾವಿ ಹಾಕಿದಾಗ ಎಲ್ಲಿ 12 ವೋಲ್ಟ್ ಬರುತ್ತದೋ ಅದು ಹೀಟರಿನ ದಾರಿ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಉಳಿಸಲು ಹೋಗಿ ಒಂದೂವರೆ ತಿಂಗಳ ನನ್ನ ಪಾಕೆಟ್ ಖರ್ಚು ಹೋಯಿತು. ಮಾವನ ಹತ್ತಿರ ಎರಡನೇ ಸಲ ಹಣ ಕೇಳುವ ಮುಖ ನನಗಿರಲಿಲ್ಲ.

ಎರಡನೇ ಸಲ ಪ್ಲಗ್ ಸಮೇತದ್ದನ್ನೇ ತಂದೆ. ಆದರೂ ಡಬ್ಬಿಗಾಗಿ ಕತ್ತರಿಸಿದ್ದ ಎರಡನೇ ಸೆನ್ಸರಿನ ತಂತಿಗಳನ್ನು ಜೋಡಿಸಬೇಕಿತ್ತು. ಸೋಲ್ಡರ್ ಮಾಡಲು ಕಾವಿಗೆ ಇಟ್ಟಿದ್ದೆ. ಅಷ್ಟರಲ್ಲಿ ಸೆನ್ಸರಿನ ಜೊತೆ ಬಂದ ಚೀಟಿ ಓದಿದೆ. ಓದುವ ಬುದ್ಧಿ ಆ ಹೊತ್ತಿಗೆ ಬಂದಿತ್ತು. ಸೋಲ್ಡರ್ ಬೇಡ, ಕ್ರಿಂಪ್ ಮಾಡಿ ಎಂದಿತ್ತು. ಕಾರಣ ಕೇಳಿದರೆ ನೀವೂ ಬೆರಗಾಗುತ್ತೀರಿ. ಪಿಂಗಾಣಿಯ ಒಳಮೈಗೆ ಬೇಕಾದ ಶುದ್ಧ ಗಾಳಿ ಅನೇಕ ಸೆನ್ಸರುಗಳಲ್ಲಿ ತಂತಿಯ ಎಳೆಗಳ ನಡುವಿನ ಸಂದಿಯಿಂದಲೇ ಒಳಗೆ ಹೋಗುತ್ತದೆ. ತಂತಿ ಉಸಿರಾಡುತ್ತದೆ! ಸೋಲ್ಡರ್ ತುಂಬಿದರೆ, ಗ್ರೀಸ್ ಸವರಿದರೆ ಉಸಿರು ಕಟ್ಟುತ್ತದೆ. ಸಾಧಾರಣ ಸಿಲಿಕಾನ್ ಗಮ್ಮಿನ ಆವಿಯೂ ಸೆನ್ಸರಿಗೆ ವಿಷ. ಗ್ಯಾಸ್ಕೆಟ್ ಅಂಟಿಸಲು ನಾವು ಅದನ್ನು ಧಾರಾಳವಾಗಿ ಬಳಸುತ್ತಿದ್ದೆವು.

ಇನ್ನೊಂದು ಅರ್ಥಿಂಗ್. ಹಾರ್ನಿಗೆ, ದೀಪಕ್ಕೆ ಎಲ್ಲಿ ಬೇಕಾದರೂ ಬಾಡಿಗೆ ನಟ್ಟು ಬಿಗಿದು ಅರ್ಥ್ ಕೊಡುವುದು ನಮ್ಮ ರೂಢಿ. ಸೆನ್ಸರ್ ಸಿಗ್ನಲಿನ ಅರ್ಥ್ ಇಸಿಯುಗೇ ಹೋಗಬೇಕು. ತುಕ್ಕು ಹಿಡಿದ ನಟ್ಟಿನಲ್ಲಿ 0.2 ವೋಲ್ಟ್ ಸೋರಿದರೆ ಹಾರ್ನಿಗೆ ಗೊತ್ತೂ ಆಗುವುದಿಲ್ಲ. ಒಟ್ಟು ಆಟವೇ 1 ವೋಲ್ಟಿನೊಳಗೆ ನಡೆಯುವ ಸೆನ್ಸರಿಗೆ ಅದು ದೊಡ್ಡ ಸುಳ್ಳು.

ಕಾರಿನ ಎಂಜಿನ್ ಮ್ಯಾಪ್ ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ರೇಸ್ ಟ್ರ್ಯಾಕಿಗೆ ಕಾರು ಕಟ್ಟುವವರು, ಕಾಲೇಜುಗಳ ಫಾರ್ಮುಲಾ ತಂಡಗಳಲ್ಲಿರುವ ಗೆಳೆಯರು ಮಾಡುತ್ತಾರೆ. ಅವರು ಕಂಪನಿಯ ಸೆನ್ಸರಿನ ಬಾಯಿ ಮುಚ್ಚುವುದಿಲ್ಲ, ಇನ್ನೂ ಚೆನ್ನಾಗಿ ಮಾತಾಡುವ ಸೆನ್ಸರ್ ತರುತ್ತಾರೆ. ಸಾಮಾನ್ಯ ಸೆನ್ಸರ್ ‘ಹೆಚ್ಚು’, ‘ಕಡಿಮೆ’ ಎಂದಷ್ಟೇ ಹೇಳುತ್ತದೆ, ಎಷ್ಟು ಹೆಚ್ಚು ಎಂದಲ್ಲ. ಎಷ್ಟು ಎಂದು ಹೇಳುವುದು ವೈಡ್‌ಬ್ಯಾಂಡ್. ಬಾಷ್‌ನ ಎಲ್‌ಎಸ್‌ಯು 4.9 ಎಂಬುದು ಹೆಚ್ಚು ಬಳಕೆಯಲ್ಲಿದೆ. ಅದಕ್ಕೆ ಪೈಪಿನಲ್ಲಿ ಕನ್ವರ್ಟರಿಗಿಂತ ಮೊದಲು ಬೇರೆಯೇ ತೂತು ಮಾಡಿ ಬೆಸುಗೆ ಹಾಕುತ್ತಾರೆ. ಕೆಳಮುಖವಾಗಿ ಅಲ್ಲ, ಮೇಲ್ಭಾಗಕ್ಕೆ ಓರೆಯಾಗಿ. ಇಲ್ಲವಾದರೆ ಪೈಪಿನಲ್ಲಿ ಕಟ್ಟಿದ ನೀರಹನಿ ಕಾದ ಪಿಂಗಾಣಿಗೆ ತಾಗಿ ಅದು ಸೀಳುತ್ತದೆ. ಅದರ ತಂತಿ ಐದು, ಪ್ಲಗ್ಗಿನಲ್ಲಿ ಕಡ್ಡಿ ಆರು. ಆರನೆಯದು ಯಾಕೆಂದರೆ, ಪ್ರತಿ ಸೆನ್ಸರಿನ ಸಣ್ಣ ವ್ಯತ್ಯಾಸ ಸರಿದೂಗಿಸುವ ರೆಸಿಸ್ಟರ್ ಪ್ಲಗ್ಗಿನೊಳಗೇ ಕೂತಿರುತ್ತದೆ. ಆ ಪ್ಲಗ್ ಕತ್ತರಿಸಿ ಬಿಸಾಡಿದರೆ ಸೆನ್ಸರಿನ ಅಳತೆಯನ್ನೇ ಬಿಸಾಡಿದಂತೆ. ಹಾಗೆಯೇ ಹೀಟರಿಗೆ ಕರೆಂಟ್ ಕೊಡದೆ ಬಿಸಿ ಹೊಗೆಯಲ್ಲಿ ಅದನ್ನು ಸುಮ್ಮನೆ ಬಿಡಬಾರದು, ಮಸಿ ಕಟ್ಟಿ ಹಾಳಾಗುತ್ತದೆ.

ರಸ್ತೆ ಮೇಲೆ ಓಡುವ ಕಾರಿನದು ಬೇರೆ ಲೆಕ್ಕ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ಬದಲಾವಣೆಗೆ ಒಡೆಯನ ಮೇಲೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಡೆಯ ಎಂದರೆ ಈಗ ನಮ್ಮ ಮಾವ. ಡಬ್ಬಿ ಹಾಕಿಸಿದವನಲ್ಲ. ಬಿಎಸ್-4 ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಾತ್ರವಲ್ಲ, ಲ್ಯಾಂಬ್ಡಾ ಎಂಬ ಅಂಕಿಯೂ ನೋಡಬೇಕಾಗುತ್ತದೆ. ಅದು 0.97ರಿಂದ 1.03ರ ಒಳಗೆ ಇರಬೇಕು. ಗಾಳಿ–ಪೆಟ್ರೋಲಿನ ಅಳತೆ ಸರಿಯಿದ್ದರೆ ಅದು 1. ಸುಳ್ಳು ಸಿಗ್ನಲ್ ಇಸಿಯುವನ್ನು ಮರುಳು ಮಾಡಬಹುದು, ಪೈಪಿನ ತುದಿಗೆ ಹಿಡಿದ ಯಂತ್ರವನ್ನಲ್ಲ.

ಈಗ ಬಂಕಿನಲ್ಲಿ ಇ20 ಪೆಟ್ರೋಲ್ ಬಂದ ಮೇಲೆ ಇದು ಇನ್ನೂ ಮುಖ್ಯ. ಶೇ 20 ಎಥೆನಾಲ್ ಬೆರೆತರೆ 14.7 ಇದ್ದ ಅಳತೆ ಸುಮಾರು 13.5ಕ್ಕೆ ಇಳಿಯುತ್ತದೆ. ಜೀವಂತ ಸೆನ್ಸರ್ ಇದ್ದರೆ ಇಸಿಯು ಅದರ ಮಾತು ಕೇಳಿ ಹೊಂದಿಕೊಳ್ಳಲು ನೋಡುತ್ತದೆ. ಹಿಂದೆ ಯಾವಾಗಲೋ ಬರೆದಿಟ್ಟ ಮ್ಯಾಪ್ ಮೇಲೆ ಕುರುಡಾಗಿ ಓಡುವ ಡಬ್ಬಿಗೆ ಬಂಕಿನಲ್ಲಿ ಏನು ಬದಲಾಯಿತೆಂದು ಹೇಗೆ ತಿಳಿಯಬೇಕು?

ಎಲ್ಲ ಜೋಡಿಸಿ, ಹೊಸ ಪ್ಲಗ್ ಹಾಕಿ ಶುರು ಮಾಡಿದೆವು. ಮೊದಲ ಒಂದು ನಿಮಿಷ ಸೆನ್ಸರ್ ಸುಮ್ಮನಿತ್ತು. ಆಮೇಲೆ ನಿಧಾನಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು. ಡಬ್ಬಿಯ ಏರಿಳಿತದಷ್ಟು ಚೆಂದವಿರಲಿಲ್ಲ, ಅಂಕುಡೊಂಕಾಗಿತ್ತು. ವ್ಯಾಕ್ಯೂಮ್ ಪೈಪ್ ಕಿತ್ತೆ. 0.1ಕ್ಕೆ ಬಿತ್ತು. ಉಸ್ತಾದರು ಮೊಬೈಲಿನೊಳಗೆ ಇಣುಕಿ ‘ಹಾಂ, ಈಗ ಖರೇ ಹೇಳ್ಲಾಕತ್ತದ’ ಅಂದರು.

ಆದರೆ ಖರೆ ಹೇಳುವವರಿಂದ ಕೆಟ್ಟ ಸುದ್ದಿಯೂ ಬರುತ್ತದೆ. ನೂರು ಕಿಲೊಮೀಟರ್ ಓಡಿಸುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಪಿ0420. ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಜೇನುಗೂಡು ಒಂದು ಕಡೆ ಕರಗಿ ಗಟ್ಟಿಯಾಗಿತ್ತು. ಕಾದಾಗ ಕಾರು ನಿಲ್ಲುತ್ತಿದ್ದುದು ಇದಕ್ಕೇ, ಹೊಗೆ ಹೊರಹೋಗಲು ಅರ್ಧ ದಾರಿ ಮಾತ್ರ ಉಳಿದಿತ್ತು. ಹೊಸದರ ಬೆಲೆ ಹೇಳಿದಾಗ ಮಾವ ಟೈರಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಳಿಯಾ, ಒಳಗಿಂದು ಒಡದು ತಗದು ಖಾಲಿ ಪೈಪ್ ಮಾಡಿ, ಆ ಡಬ್ಬಿ ತಂತಿ ಅಷ್ಟ ತಿರುಗಿ ಹಚ್ಚಿದ್ರ ದೀಪರ ಆರ್ತದಲ್ಲ?’ ಅಂದರು.

ಆರುತ್ತಿತ್ತು. ರೆಸಿಸ್ಟರ್, ಕೆಪಾಸಿಟರ್ ಎರಡೂ ನನ್ನ ಡ್ರಾವರಿನಲ್ಲೇ ಇದ್ದವು. ವಾರಕ್ಕೆ ಎರಡು ಸಲ ಆ ರಸ್ತೆಯಲ್ಲಿ ಹೋಗಬೇಕಾದ ಮನುಷ್ಯ ಕೇಳುತ್ತಿದ್ದಾನೆ, ಬಂಧು ಬೇರೆ. ನಾನು ಹೂಂ ಅನ್ನುವುದರಲ್ಲಿದ್ದೆ. ಉಸ್ತಾದರೇ ನಡುವೆ ಬಾಯಿ ಹಾಕಿದರು. ‘ಬ್ಯಾಡ್ರಿ ಯಜಮಾನ್ರ. ಡಾಕ್ಟರ್ ಚೀಟಿ ಹರದ್ರ ಬ್ಯಾನಿ ಹೋಗಂಗಿಲ್ಲ. ನನ್ನ ಮಜೂರಿ ಆಮ್ಯಾಲ ಕೊಡ್ರಿ, ಎರಡು ತಿಂಗಳ ತಡೀರಿ’ ಅಂದರು. ಆ ಎರಡು ತಿಂಗಳು ನಾಲ್ಕಾಯಿತು. ಅಷ್ಟು ದಿನ ಅತ್ತೆ ಬಸ್ಸಿನಲ್ಲೇ ಓಡಾಡಿದರು. ನನಗೆ ಅದು ಈಗಲೂ ಚುಚ್ಚುತ್ತದೆ. ದೀಪಾವಳಿಗೆ ಮುಂಚೆ ಕನ್ವರ್ಟರ್ ಬಂತು. ಹೊಗೆ ತಪಾಸಣೆಯಲ್ಲಿ ಲ್ಯಾಂಬ್ಡಾ 1.01 ಬಂದ ಚೀಟಿಯನ್ನು ಮಾವ ಮಡಚಿ ಅತ್ತೆಯ ಆಸ್ಪತ್ರೆ ಫೈಲಿನಲ್ಲೇ ಇಟ್ಟುಕೊಂಡಿದ್ದಾರೆ.

ಕಳೆದ ತಿಂಗಳು ನಮ್ಮ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ವಿಭಾಗಕ್ಕೆ ಸಂದರ್ಶನವಿತ್ತು. ನಾನು ಮೆಕ್ಯಾನಿಕಲ್, ಹಾಗಾಗಿ ಆಸೆ ಕಡಿಮೆ. ಥರ್ಮೊಡೈನಾಮಿಕ್ಸ್‌ನ ಎರಡು ಪ್ರಶ್ನೆಗೆ ತಡವರಿಸಿದೆ. ಆಮೇಲೆ ಅವರಲ್ಲೊಬ್ಬರು, ಕಿಲ್ನ್‌ನಿಂದ ಬರುವ ಹೊಗೆಯಲ್ಲಿ ಆಮ್ಲಜನಕ ಏಕೆ ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ ಎಂದು ಕೇಳಿದರು. ನಾನು ಕಾರಿನಿಂದ ಶುರು ಮಾಡಿದೆ. ಗಾಳಿ ಕಡಿಮೆಯಾದರೆ ಇಂಧನ ಅರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ, ದೂಳು ಹಿಡಿಯುವ ವಿದ್ಯುತ್ ಯಂತ್ರದಲ್ಲಿ ಅದು ತುಂಬಿದರೆ ಸ್ಫೋಟದ ಭಯ, ಗಾಳಿ ಹೆಚ್ಚಾದರೆ ಶಾಖ ವ್ಯರ್ಥ ಎಂದೆ. ಅಳೆಯುವುದಕ್ಕೆ ಅಲ್ಲಿಯೂ ಬಳಸುವುದು ಅದೇ ಜಿರ್ಕೋನಿಯಾ, ಕಾರಿನದಕ್ಕಿಂತ ಉದ್ದದ ಕೋಲಿಗೆ ಸಿಕ್ಕಿಸಿದ್ದು. ‘ಪ್ರೋಬ್ ಸುಳ್ಳು ಹೇಳುತ್ತಿದೆ ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಅವರು ಕೇಳಿದರು. ‘ಬೇಕಂತಲೇ ಗಾಳಿ ಕೊಟ್ಟು ನೋಡಬೇಕು ಸರ್, ಅದು ಕದಲಬೇಕು’ ಎಂದೆ. ಅವರು ಕಾಗದದ ಮೇಲೆ ಏನೋ ಬರೆದುಕೊಂಡರು.

ಪತ್ರ ಇನ್ನೂ ಬಂದಿಲ್ಲ. ಗ್ಯಾರೇಜಿನ ಗೋಡೆಯ ಮೇಲೆ ಎರಡೂ ಪದ್ಧತಿಯ ತಂತಿ ಬಣ್ಣಗಳನ್ನು ಪೇಂಟಿನಲ್ಲಿ ಬರೆದಿದ್ದೇನೆ. ಮೊನ್ನೆ ಚಿತ್ತಾಪುರದ ಒಬ್ಬ ಮಿಸ್ತ್ರಿ ಬಂದು ಅದರ ಫೋಟೊ ತೆಗೆದುಕೊಂಡು ಹೋದ.